ಚೀಟಿಯಲ್ಲಿ ಅಜ್ಜನ ಹೆಸರು



ನಮ್ಮ ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದು ಹತ್ತು ದಿನವಾಯಿತು. ಹಂಚಿನ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಹೋದ ಮಂಗಳವಾರ ಬೆಳಿಗ್ಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟರು. ಒಂಬತ್ತು ಗಂಟೆಗೆ ಕರೆಂಟೂ ಹೋಯಿತು. ಎಂಟನೇ ತರಗತಿಯ ನನ್ನ ಮೊಮ್ಮಗ, ಮೂರನೇ ತರಗತಿಯ ಅವನ ತಂಗಿ ಪುಟ್ಟಿ, ಪಕ್ಕದ ಮನೆಯ ಅಣ್ಣ ತಂಗಿ, ನಾಲ್ವರೂ ಜಗಲಿಯಲ್ಲಿ ಕೂತು ‘ಬಿಸಿನೆಸ್’ ಆಟ ಹರಡಿಕೊಂಡರು. ನಿಮಗೆಲ್ಲ ಗೊತ್ತಿರುವ ಆಟವೇ. ದಾಳ ಎಸೆಯುವುದು, ಮುಂಬಯಿ, ದೆಹಲಿ ಕೊಳ್ಳುವುದು, ಮನೆ ಕಟ್ಟುವುದು, ಅಲ್ಲಿಗೆ ಬಂದವರಿಂದ ಬಾಡಿಗೆ ವಸೂಲಿ ಮಾಡುವುದು.

ಅರ್ಧ ಗಂಟೆಯಲ್ಲಿ ಮೊಮ್ಮಗನಿಗೆ ಬೇಸರ ಬಂತು.

“ಕಾಗದದ ನೋಟಲ್ಲಿ ಮಜಾನೇ ಇಲ್ಲ. ಬಾಡಿಗೆ ಕಟ್ಟುವಾಗಲೆಲ್ಲ ಒಂದು ನಿಜವಾದ ರೂಪಾಯಿ ಕೊಡೋಣ” ಎಂದ.

ಪುಟ್ಟಿ ಬೇಡ ಎಂದಳು. ಪಕ್ಕದ ಮನೆಯ ಹುಡುಗ ಬೇಕು ಎಂದ. ಜಗಳ ಶುರುವಾಗುವ ಹೊತ್ತಿಗೆ ಮೊಮ್ಮಗ, “ಓಟು ಹಾಕೋಣ. ಅಜ್ಜನೂ ಹಾಕಲಿ, ಆಗ ಐದು ಓಟು ಆಗುತ್ತೆ, ಸಮಸಮ ಆಗೋದಿಲ್ಲ” ಎಂದ. ಶಾಲೆಯಲ್ಲಿ ಮಂತ್ರಿಮಂಡಲದ ಚುನಾವಣೆ ಮಾಡಿಸಿ ಕಲಿಸಿದ ಪಾಠ ಇದು. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಐದು ಚೀಟಿ ಮಾಡಿದರು. ಪ್ರಶ್ನೆ ಹೀಗಿತ್ತು: “ದುಡ್ಡಿಟ್ಟು ಆಡೋಣವೇ?” ಎರಡು ಬೇಕು, ಮೂರು ಬೇಡ. ನನ್ನದೂ ಬೇಡ.

ಮೊಮ್ಮಗ ಸ್ವಲ್ಪ ಹೊತ್ತು ಪೆನ್ನು ಕಚ್ಚುತ್ತ ಕೂತ. ಆಮೇಲೆ ಹೊಸ ಚೀಟಿ ಬರೆದು ತಂದ. “ಅಜ್ಜನಿಗೆ ಮೆಣಸಿನಕಾಯಿ ಬಜ್ಜಿ ತರಿಸಲು ದುಡ್ಡಿಟ್ಟು ಆಡೋಣವೇ?”

ಮಳೆ, ಚಳಿ, ಕರೆಂಟಿಲ್ಲದ ಮನೆ. ಮೇಲಾಗಿ ಚೀಟಿಯಲ್ಲಿ ನನ್ನದೇ ಹೆಸರು. ಏನು ಮಾಡಿದೆ ಎಂದು ನೀವು ಊಹಿಸಿರಬಹುದು. ಈ ಸಲ ಮೂರು ಬೇಕು, ಎರಡು ಬೇಡ. ಆಟಕ್ಕೇ ಕೂರದ ನಾನು ಓಟು ಹಾಕಿ, ಆಟವನ್ನೇ ಬದಲಾಯಿಸಿಬಿಟ್ಟಿದ್ದೆ.

ಹನ್ನೊಂದೂವರೆಗೆ ಆಟ ಮುಗಿಯಿತು. ಮೊಮ್ಮಗ ಗೆದ್ದಿದ್ದ. ಬಜ್ಜಿಯೂ ಬಂತು, ಎರಡು ತಿಂದೆ. ಆಮೇಲೆ ನೋಡಿದರೆ ಪುಟ್ಟಿ ಕಂಬಕ್ಕೆ ಒರಗಿ ಮಳೆ ನೋಡುತ್ತ ಕೂತಿದ್ದಾಳೆ. ಬಣ್ಣದ ಪೆನ್ಸಿಲ್ ಡಬ್ಬಿ ಕೊಳ್ಳಲೆಂದು ಕೂಡಿಟ್ಟಿದ್ದ ಹದಿನೆಂಟು ರೂಪಾಯಿಯೂ ಹೋಗಿತ್ತು. ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

“ಓಟು ಹಾಕಿಯೇ ಅಲ್ವಾ ಆಡಿದ್ದು? ಮೋಸ ಏನಿಲ್ಲ” ಎಂದ ಮೊಮ್ಮಗ, ಯಾರೂ ಕೇಳದಿದ್ದರೂ.

ಆಗ ನಾನು ನಾಲ್ವರನ್ನೂ ಹತ್ತಿರ ಕೂರಿಸಿಕೊಂಡು ಒಂದು ಊರಿನ ಕಥೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಈ ‘ಬಿಸಿನೆಸ್’ ಆಟಕ್ಕೆ ಒಂದು ಮೂಲ ಆಟ ಇದೆ. ಅದರ ಹೆಸರು ಮೊನೊಪಲಿ. 1935ರಲ್ಲಿ ಅಮೆರಿಕದ ಪಾರ್ಕರ್ ಬ್ರದರ್ಸ್ ಕಂಪನಿ ಅದನ್ನು ಮಾರಲು ಶುರುಮಾಡಿತು. ನಮ್ಮ ಹಲಗೆಯ ಮೇಲೆ ಮುಂಬಯಿ, ದೆಹಲಿ ಇರುವ ಹಾಗೆ ಅಲ್ಲಿಯ ಹಲಗೆಯ ಮೇಲೆ ಒಂದೇ ಊರಿನ ಬೀದಿಗಳ ಹೆಸರುಗಳಿವೆ. ಆ ಊರು ಅಟ್ಲಾಂಟಿಕ್ ಸಿಟಿ. ನ್ಯೂಜೆರ್ಸಿ ರಾಜ್ಯದ ಕಡಲ ದಂಡೆಯಲ್ಲಿದೆ. ಓದುಗ ಅಜ್ಜ ಅಜ್ಜಿಯರೇ, ನಿಮ್ಮಲ್ಲಿ ಕೆಲವರ ಮಗನೋ ಮಗಳೋ ಅದೇ ರಾಜ್ಯದಲ್ಲಿ ಇದ್ದಾರು. ಅಲ್ಲಿ ಕನ್ನಡಿಗರು ಬಹಳ.

ಅಟ್ಲಾಂಟಿಕ್ ಸಿಟಿ ಒಂದು ಕಾಲಕ್ಕೆ ಬೇಸಿಗೆ ರಜೆಯ ಊರು. ಮರಳಿನ ಮೇಲೆ ನಡೆದು ಬಂದವರ ಕಾಲಿನ ಮರಳು ಹೋಟೆಲಿನೊಳಗೆ ಬರದಿರಲಿ ಎಂದು 1870ರಲ್ಲಿ ಕಡಲಂಚಿನುದ್ದಕ್ಕೂ ಮರದ ಹಲಗೆಯ ಕಾಲುದಾರಿ ಹಾಸಿದರು. ಅದನ್ನು ಬೋರ್ಡ್‌ವಾಕ್ ಎನ್ನುತ್ತಾರೆ. ಮೊನೊಪಲಿಯಲ್ಲಿ ಎಲ್ಲಕ್ಕಿಂತ ದುಬಾರಿ ಜಾಗ ಅದೇ. ರೈಲಿನಲ್ಲಿ ಜನ ಜಾತ್ರೆಯ ಹಾಗೆ ಬರುತ್ತಿದ್ದರು. ಆಮೇಲೆ ವಿಮಾನ ಬಂತು, ಮನೆಮನೆಗೆ ಕಾರು ಬಂತು. ದೂರ ದೂರದ ಊರುಗಳಿಗೆ ಹೋಗುವುದು ಸುಲಭವಾಯಿತು. ಈ ಊರಿಗೆ ಬರುವವರು ಕಡಿಮೆಯಾದರು. ಹೋಟೆಲುಗಳ ಬಣ್ಣ ಮಾಸಿತು, ಕೆಲಸ ಹೋಯಿತು, ಜನ ಊರು ಬಿಟ್ಟರು.

ಊರನ್ನು ಉಳಿಸುವುದು ಹೇಗೆ? ಕೆಲವರು, ಕ್ಯಾಸಿನೊ ತೆರೆಯೋಣ ಎಂದರು. ಕ್ಯಾಸಿನೊ ಎಂದರೆ ದುಡ್ಡಿಟ್ಟು ಜೂಜಾಡುವ ದೊಡ್ಡ ಮನೆ. ಆಗ ಇಡೀ ಅಮೆರಿಕದಲ್ಲಿ ಕಾನೂನಿನ ಒಪ್ಪಿಗೆ ಇದ್ದ ಕ್ಯಾಸಿನೊಗಳು ನೆವಾಡಾ ಎಂಬ ಒಂದೇ ರಾಜ್ಯದಲ್ಲಿದ್ದವು. ನ್ಯೂಜೆರ್ಸಿಯಲ್ಲಿ ಇಂಥದ್ದಕ್ಕೆ ರಾಜ್ಯದ ಸಂವಿಧಾನವನ್ನೇ ತಿದ್ದಬೇಕು. ತಿದ್ದಬೇಕಾದರೆ ಜನರನ್ನು ಕೇಳಲೇಬೇಕು. ಶಾಸಕರನ್ನು ಆರಿಸಲು ಹಾಕುವ ಓಟಲ್ಲ ಇದು. ಒಂದು ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಜನರೇ ನೇರವಾಗಿ ಹಾಕುವ ಓಟು. ಇದಕ್ಕೆ ಜನಮತಗಣನೆ ಎಂದು ಹೆಸರು.

1974ರಲ್ಲಿ ಮೊದಲ ಸಲ ಕೇಳಿದರು. ಆಗ ಪ್ರಶ್ನೆಯಲ್ಲಿ ಒಂದೇ ಊರು ಎಂದಿರಲಿಲ್ಲ, ರಾಜ್ಯದ ಬೇರೆ ಕಡೆಯೂ ಕ್ಯಾಸಿನೊ ಬರಲು ದಾರಿ ಇತ್ತು. “ನಮ್ಮೂರಿಗೂ ಬಂದೀತು” ಎಂದು ಜನ ಹೆದರಿದರು. ನೂರಕ್ಕೆ ಸುಮಾರು 60 ಓಟು ಬೇಡ ಎಂದಿತು.

ಎರಡೇ ವರ್ಷಕ್ಕೆ, 1976ರಲ್ಲಿ, ಮತ್ತೆ ಕೇಳಿದರು. ಈಗ ಪ್ರಶ್ನೆಯನ್ನು ಬೇರೆ ರೀತಿ ಬರೆದಿದ್ದರು. ಕ್ಯಾಸಿನೊ ಅಟ್ಲಾಂಟಿಕ್ ಸಿಟಿಯಲ್ಲಿ ಮಾತ್ರ. ಅದರಿಂದ ರಾಜ್ಯಕ್ಕೆ ಬರುವ ತೆರಿಗೆಯ ಹಣ ವಯಸ್ಸಾದವರಿಗೆ ಮತ್ತು ಅಂಗವಿಕಲರಿಗೆ. ಅವರ ಮನೆ ಕಂದಾಯ, ಬಾಡಿಗೆ, ಕರೆಂಟು, ಗ್ಯಾಸು, ಟೆಲಿಫೋನ್ ಬಿಲ್ಲುಗಳ ಭಾರ ಇಳಿಸಲು.

ಇಷ್ಟು ಹೇಳುತ್ತಿದ್ದ ಹಾಗೆ ಪಕ್ಕದ ಮನೆಯ ಹುಡುಗಿ ಕಿಸಕ್ಕನೆ ನಕ್ಕಳು. “ಮೆಣಸಿನಕಾಯಿ ಬಜ್ಜಿ!” ಎಂದಳು.

ಹೌದು, ಅದೇ. ಈ ಸಲ ನೂರಕ್ಕೆ ಸುಮಾರು 56 ಓಟು ಬೇಕು ಎಂದಿತು. ಅಟ್ಲಾಂಟಿಕ್ ಸಿಟಿಯವರು ಆ ರಾತ್ರಿ ಬೀದಿಗಿಳಿದು ಸಂಭ್ರಮಿಸಿದರು. ಅವರಿಗೆ ಕೆಲಸ ಬೇಕಿತ್ತು, ಊರು ಉಳಿಯಬೇಕಿತ್ತು. ಅವರನ್ನು ದೂರುವುದು ಸರಿಯಲ್ಲ. ಆದರೆ ಓಟು ಹಾಕಿದ ಲಕ್ಷಾಂತರ ಜನರಲ್ಲಿ ಬಹುಪಾಲು ಮಂದಿ ಬೇರೆ ಊರುಗಳವರು. ಜಗಲಿಯ ಕುರ್ಚಿಯಲ್ಲಿ ಕೂತು ಓಟು ಹಾಕಿದ ನನ್ನ ಹಾಗೆ.

1978ರ ಮೇ 26ರಂದು ಮೊದಲ ಕ್ಯಾಸಿನೊ ಬಾಗಿಲು ತೆರೆಯಿತು. ಒಳಗೆ ಹೋಗಲು ಬೋರ್ಡ್‌ವಾಕಿನ ಮೇಲೆ ಉದ್ದುದ್ದ ಸಾಲು. ವರ್ಷ ಕಳೆದಂತೆ ಅವು ಹನ್ನೆರಡಾದವು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಮಾತು ಕೊಟ್ಟಂತೆ ವಯಸ್ಸಾದವರಿಗೆ ಹಣವೂ ಹೋಯಿತು. ಮುಂದೆ ಔಷಧಿ ಖರ್ಚಿಗೆ, ಆಸ್ಪತ್ರೆಗೆ ಕರೆದೊಯ್ಯುವ ಬಸ್ಸಿಗೂ ಅದರಿಂದ ನೆರವಾಯಿತು. ಇದೆಲ್ಲ ನಿಜ. ಮುಚ್ಚಿಡಬಾರದು.

ಆದರೆ ಮಕ್ಕಳೇ, ಇಲ್ಲೊಂದು ಸಣ್ಣ ಲೆಕ್ಕ ಇದೆ. ಪೆನ್ಸಿಲು ತಗೊಳ್ಳಿ. ಆ ನಿಧಿಗೆ ಹೋಗುವ ತೆರಿಗೆ ನೂರಕ್ಕೆ 8. ಯಾವುದರ ನೂರಕ್ಕೆ? ಆಡಿದವರಿಗೆ ಗೆದ್ದದ್ದನ್ನು ಕೊಟ್ಟ ಮೇಲೆ ಕ್ಯಾಸಿನೊ ಹತ್ತಿರ ಉಳಿಯುವ ಹಣದ ನೂರಕ್ಕೆ. ಉಳಿಯುವ ಹಣ ಎಂದರೆ ಎಲ್ಲ ಆಟಗಾರರೂ ಒಟ್ಟು ಸೇರಿ ಸೋತ ಹಣ. ಅಂದರೆ ಒಬ್ಬ ಅಜ್ಜನಿಗೆ 8 ಡಾಲರ್ ಸಿಗಬೇಕಾದರೆ ಎಲ್ಲೋ ಯಾರೋ 100 ಡಾಲರ್ ಸೋಲಬೇಕು. ಆ ಸೋತವರಲ್ಲಿ ಇನ್ನೊಬ್ಬ ಅಜ್ಜನೂ ಇರಬಹುದು.

ಓಟಿನ ಚೀಟಿಯಲ್ಲಿ 8 ಡಾಲರ್ ಯಾರಿಗೆ ಎಂದು ಬರೆದಿತ್ತು. 100 ಡಾಲರ್ ಯಾರದು ಎಂದು ಬರೆದಿರಲಿಲ್ಲ.

ಮೊಮ್ಮಗ ಪುಟ್ಟಿಯ ಕಡೆ ನೋಡಿ ಮುಖ ತಿರುಗಿಸಿದ. ನಾನು ಬಜ್ಜಿಯ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ.

ಊರಿನ ಕಥೆ ಮುಂದೇನಾಯಿತು? 2006ರಲ್ಲಿ ಅಲ್ಲಿಯ ಕ್ಯಾಸಿನೊಗಳ ಒಟ್ಟು ಗಳಿಕೆ ಸುಮಾರು 520 ಕೋಟಿ ಡಾಲರ್. ಅಲ್ಲಿಯವರೆಗಿನ ತುದಿ ಅದೇ. ಆ ವರ್ಷದ ಕೊನೆಗೆ ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲೂ ಕ್ಯಾಸಿನೊಗಳು ಶುರುವಾದವು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದೇ ಬಜ್ಜಿ ಅಂಗಡಿ ಇದ್ದಾಗ ವ್ಯಾಪಾರ ಬೇರೆ, ಬೀದಿಗೊಂದು ಆದಾಗ ಬೇರೆ. ಎಂಟು ವರ್ಷದಲ್ಲಿ ಗಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 2014ರ ಒಂದೇ ವರ್ಷದಲ್ಲಿ ಹನ್ನೆರಡರಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. 2016ರಲ್ಲಿ ಊರಿನ ಆಡಳಿತವನ್ನು ರಾಜ್ಯವೇ ಕೈಗೆ ತೆಗೆದುಕೊಳ್ಳಬೇಕಾಯಿತು. ಕೋಟಿಗಟ್ಟಲೆ ಡಾಲರ್ ಹರಿದ ಆ ಊರಿನಲ್ಲಿ, ಅಲ್ಲಿ ವಾಸಿಸುವವರಿಗೆ ತರಕಾರಿ, ದಿನಸಿ ಎಲ್ಲ ಒಂದೇ ಕಡೆ ಸಿಗುವ ಒಂದು ದೊಡ್ಡ ಅಂಗಡಿಯೂ ವರ್ಷಗಟ್ಟಲೆ ಇರಲಿಲ್ಲ. ಜೂಜಿಗೆ ಬಂದವರಿಗೆ ಸೊಪ್ಪು, ಬೇಳೆ ಬೇಕಿರಲಿಲ್ಲವಲ್ಲ!

ಅದೇ 2016ರಲ್ಲಿ ಇನ್ನೊಂದು ಜನಮತಗಣನೆ ನಡೆಯಿತು. ರಾಜ್ಯದ ಉತ್ತರ ಭಾಗದಲ್ಲಿ ಎರಡು ಹೊಸ ಕ್ಯಾಸಿನೊ ಬೇಕೇ ಎಂದು ಕೇಳಿದರು. ಈ ಸಲ ನೂರಕ್ಕೆ ಸುಮಾರು 77 ಓಟು ಬೇಡ ಎಂದಿತು. ಹಳೆಯವು ಮಾತ್ರ ಹಾಗೇ ಉಳಿದವು. ಬೇಡ ಎಂದರೆ ಎರಡು ವರ್ಷ ಬಿಟ್ಟು ಮತ್ತೆ ಕೇಳಬಹುದು. ಒಮ್ಮೆ ಬೇಕು ಎಂದು ಊರು ಕಟ್ಟಿದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ. ಅಷ್ಟು ಜನರ ಅನ್ನ ಅದರಲ್ಲೇ ಸೇರಿರುತ್ತದೆ.

“ಅಲ್ಲಿ ಇರುವವರನ್ನು ಮಾತ್ರ ಕೇಳಿದರೆ ಸರಿಹೋಗುತ್ತಾ ಅಜ್ಜ?” ಎಂದು ಪುಟ್ಟಿ ಕೇಳಿದಳು. ಅಷ್ಟು ಹೊತ್ತಿಗೆ ಅವಳು ಕಂಬ ಬಿಟ್ಟು ನನ್ನ ಕುರ್ಚಿಯ ಹತ್ತಿರ ಬಂದಿದ್ದಳು.

ಹಾಗೆ ಕೇಳಿದ ಕಡೆಯೂ ಇದೆ. ತೈವಾನ್ ದೇಶಕ್ಕೆ ಸೇರಿದ ಪೆಂಗ್‌ಹು ಎಂಬ ದ್ವೀಪಗಳಿವೆ. ಮೀನುಗಾರರ, ಗಾಳಿಯ ನಾಡು. ತೈವಾನಿನ ಸರ್ಕಾರ 2009ರಲ್ಲಿ, ಹೊರ ದ್ವೀಪಗಳ ಜನ ಓಟು ಹಾಕಿ ಒಪ್ಪಿದರೆ ಮಾತ್ರ ಅಲ್ಲಿ ಕ್ಯಾಸಿನೊ ಎಂದಿತು. ಪೆಂಗ್‌ಹುವಿನವರು ಅದೇ ವರ್ಷ ಓಟು ಹಾಕಿದರು. ನೂರಕ್ಕೆ ಸುಮಾರು 56 ಬೇಡ ಎಂದಿತು. ಏಳು ವರ್ಷ ಬಿಟ್ಟು 2016ರಲ್ಲಿ ಮತ್ತೆ ಕೇಳಿದರು. ಈ ಸಲ ಬೇಡ ಎಂದ ಓಟು ನೂರಕ್ಕೆ 81! ನಡುವೆ 2012ರಲ್ಲಿ ಮಾತ್ಸು ಎಂಬ ಇನ್ನೊಂದು ದ್ವೀಪಸಮೂಹದವರು ನೂರಕ್ಕೆ 57ರಂತೆ ಬೇಕು ಎಂದಿದ್ದರು. ಆದರೆ ಕ್ಯಾಸಿನೊ ನಡೆಸುವ ಕಾನೂನನ್ನು ದೇಶದ ಸಂಸತ್ತು ಮಾಡಲಿಲ್ಲ, ಹಾಗಾಗಿ ಅಲ್ಲಿ ಅದು ಬರಲೇ ಇಲ್ಲ. ಒಂದೇ ಪ್ರಶ್ನೆ, ಒಂದೇ ದೇಶ, ಎರಡು ದ್ವೀಪ, ಎರಡು ಉತ್ತರ. ಓಟು ಎಂದರೆ ಹಾಗೆಯೇ.

ನಮ್ಮ ದೇಶದಲ್ಲಿ ಇಂಥ ಪ್ರಶ್ನೆಗೆ ಜನರಿಂದ ನೇರವಾಗಿ ಓಟು ಹಾಕಿಸುವ ಪದ್ಧತಿ ಇಲ್ಲ. ಸರ್ಕಾರವೇ ತೀರ್ಮಾನಿಸುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿಯನ್ನು ನಿಲ್ಲಿಸಿದ್ದು ಸರ್ಕಾರ. ದುಡ್ಡಿಟ್ಟು ಆಡುವ ಮೊಬೈಲ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿದ್ದು ಸಂಸತ್ತು. ಮಹಾಭಾರತದಲ್ಲಂತೂ ಯಾರನ್ನೂ ಕೇಳಲಿಲ್ಲ. ಧರ್ಮರಾಯ ದಾಳದ ಮುಂದೆ ಕೂತು ಇಡೀ ರಾಜ್ಯವನ್ನೇ ಪಣಕ್ಕಿಟ್ಟ. ಇಂದ್ರಪ್ರಸ್ಥದ ಒಬ್ಬ ಕುಂಬಾರನನ್ನಾದರೂ “ನಿನ್ನನ್ನು ಒತ್ತೆ ಇಡಲೇ?” ಎಂದು ಕೇಳಿದ್ದರೆ ಅವನು ಏನೆನ್ನುತ್ತಿದ್ದ? ಅದಕ್ಕೇ ನಾನು ಹೇಳುವುದು, ಕೇಳುವುದು ಒಳ್ಳೆಯದೇ. ಓಟನ್ನು ಬೈಯಬೇಡಿ. ಚೀಟಿಯನ್ನು ಎರಡು ಸಲ ಓದಿ.

ಇಷ್ಟು ಹೇಳಿ ಮುಗಿಸಿ ದೊಡ್ಡ ಮನುಷ್ಯನ ಹಾಗೆ ಕೂತಿದ್ದೆ. ಒಳಗಿನಿಂದ ಇವಳು, ಅಂದರೆ ನಿಮ್ಮ ಅಜ್ಜಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಹೊಲಿಗೆ ಮಿಷನ್ನಿನ ಕಥೆ ಹೇಳಲಿಲ್ವಾ?” ಎಂದಳು.

ಹೇಳಬಾರದು ಎಂದೇ ಇದ್ದೆ. ಮಕ್ಕಳು ಬಿಡಲಿಲ್ಲ.

ನಾನು ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ಪ್ರತಿ ವಾರ ಬಸ್‌ಸ್ಟ್ಯಾಂಡಿನಲ್ಲಿ ಲಾಟರಿ ಟಿಕೆಟ್ ಕೊಳ್ಳುತ್ತಿದ್ದೆ. ಮೊದಲು ಒಂದು, ಆಮೇಲೆ ಐದಾರು. ಇವಳು ಕೇಳಿದರೆ, “ಸರ್ಕಾರದ್ದೇ ಲಾಟರಿ ಕಣೆ. ನಮಗೆ ಬರದಿದ್ದರೂ ದುಡ್ಡು ಒಳ್ಳೇ ಕೆಲಸಕ್ಕೇ ಹೋಗುತ್ತೆ” ಎನ್ನುತ್ತಿದ್ದೆ. ಒಂದು ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಟ್ರಂಕಿನ ತಳದಲ್ಲಿ ಹಳೇ ಟಿಕೆಟ್ಟುಗಳ ಕಟ್ಟು ಅವಳ ಕೈಗೆ ಸಿಕ್ಕಿತು. ಬೈಯಲಿಲ್ಲ. ಕೂತು ಒಂದೊಂದಾಗಿ ಎಣಿಸಿದಳು. ಗೋಡೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಳು. ಅವಳು ಮೂರು ವರ್ಷದಿಂದ ಕೇಳುತ್ತಿದ್ದ ಹೊಲಿಗೆ ಮಿಷನ್ನಿನ ಬೆಲೆಗಿಂತ ಸ್ವಲ್ಪ ಹೆಚ್ಚೇ ಆಗಿತ್ತು.

“ಒಳ್ಳೇ ಕೆಲಸಕ್ಕೆ ಹೋಯಿತು ಅಂತೀರಲ್ಲ, ನನ್ನ ಮಿಷನ್ನು ಹೋಯಿತು ಅಂತ ಯಾಕೆ ಹೇಳಲಿಲ್ಲ?” ಎಂದು ಕೇಳಿದಳು. ಅವತ್ತಿನಿಂದ ಟಿಕೆಟ್ ಕೊಳ್ಳಲಿಲ್ಲ. ಮಿಷನ್ನು ಬರಲು ಇನ್ನೂ ಎರಡು ವರ್ಷ ಬೇಕಾಯಿತು.

“ಬೆಳಿಗ್ಗೆ ಓಟು ಹಾಕುವಾಗಲೂ ಅಷ್ಟೇ, ಒಳಗಿದ್ದವಳನ್ನು ಯಾರೂ ಕೇಳಲಿಲ್ಲ” ಎಂದು ಹೇಳಿ ತಟ್ಟೆಯಲ್ಲಿ ಉಳಿದಿದ್ದ ಬಜ್ಜಿ ತೆಗೆದುಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಆಮೇಲೆ ಪುಟ್ಟಿ ಎದ್ದಳು. ಅಣ್ಣನ ನೋಟ್‌ಬುಕ್ಕಿನಿಂದ ಇನ್ನೊಂದು ಹಾಳೆ ಹರಿದಳು. ಆರು ಚೀಟಿ ಮಾಡಿದಳು. ಒಂದನ್ನು ಅಡುಗೆ ಮನೆಗೆ ಕೊಟ್ಟು ಬಂದಳು. ಅವಳ ಗುಂಡಗಿನ ಅಕ್ಷರದಲ್ಲಿ ಪ್ರಶ್ನೆ ಹೀಗಿತ್ತು:

“ದುಡ್ಡಿಟ್ಟು ಆಡಿದರೆ ಪುಟ್ಟಿಯ ಪೆನ್ಸಿಲ್ ಡಬ್ಬಿ ಹೋಗುತ್ತದೆ. ಆದರೂ ಆಡೋಣವೇ?”

ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿದೆವು. ಪುಟ್ಟಿಯೇ ಬಿಡಿಸಿ ಓದಿದಳು. ಐದು ಬೇಡ, ಒಂದು ಬೇಕು. ಆ ಒಂದು ಯಾರದೆಂದು ನಾವು ಕೇಳಲಿಲ್ಲ. ಗುಪ್ತ ಮತದಾನವಲ್ಲವೇ?

ಮೊಮ್ಮಗ ಏನೂ ಮಾತಾಡಲಿಲ್ಲ. ಜೇಬಿನಿಂದ ಚಿಲ್ಲರೆ ತೆಗೆದು ಎಣಿಸಿದ. ಬಜ್ಜಿಗೆ ಹೋದದ್ದು ಬಿಟ್ಟರೆ ಕೊಡಲು ಎಂಟು ರೂಪಾಯಿ ಕಡಿಮೆ ಬಿತ್ತು. ನನ್ನ ಮುಖ ನೋಡಿದ. ನಾನು ಎದ್ದು ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿಗೆ ಕೈಹಾಕಿದೆ. ಬಜ್ಜಿ ತಿಂದವನು ನಾನೇ ತಾನೇ!

ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿಯವರೆಗೆ ಮಕ್ಕಳೇ, ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಯಾವುದಕ್ಕಾದರೂ ಓಟು ಹಾಕಿಸುವಾಗ, ಅದರಿಂದ ಕಳೆದುಕೊಳ್ಳುವವರು ಯಾರು ಎಂಬುದನ್ನೂ ಚೀಟಿಯಲ್ಲಿ ಬರೆಯಿರಿ. ಎಷ್ಟು ಓಟು ಬಂತು ಎಂದು ಈ ಅಜ್ಜನಿಗೆ ಕಾಗದ ಹಾಕಿ.